ಮದುವೆಗೆ ಫೋಟೊದವರನ್ನು ಗೊತ್ತು ಮಾಡುವ ಮುನ್ನ: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಛಾಯಾಗ್ರಾಹಕನಲ್ಲ. ಹಾಸನದಲ್ಲಿ ಕುಳಿತು ಮದುವೆ ಆಲ್ಬಮ್‌ಗಳ ವಿನ್ಯಾಸ ಮಾಡುತ್ತೇನೆ. ಅರಸೀಕೆರೆಯಿಂದ ಸಕಲೇಶಪುರದವರೆಗೆ, ಕಡೂರಿನಿಂದ ಮೂಡಿಗೆರೆಯವರೆಗೆ ಬೇರೆ ಬೇರೆ ಸ್ಟುಡಿಯೊದವರು ಹಾರ್ಡ್ ಡಿಸ್ಕ್ ತಂದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ. ನೀವು ಇನ್‌ಸ್ಟಾಗ್ರಾಮಿನಲ್ಲಿ ನೋಡುವ ಹತ್ತು ಫೋಟೊಗಳ ಹಿಂದಿನ ನಾಲ್ಕು ಸಾವಿರ ಫೋಟೊಗಳನ್ನು ನೋಡುವ ಭಾಗ್ಯ ನನ್ನದು. ಆಲ್ಬಮ್ ತಿದ್ದಿಸಲು ಬಂದವರು ಎದ್ದು ಹೋಗುವ ಮುನ್ನ ತಂಗಿಯದೋ ಅಣ್ಣನ ಮಗಳದೋ ಮುಂದಿನ ಮದುವೆಗೆಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಯಾವ ಸ್ಟುಡಿಯೊ ಒಳ್ಳೆಯದು ಎಂದು ಮಾತ್ರ ಕೇಳಬೇಡಿ, ಎಲ್ಲರೂ ನನ್ನ ಗಿರಾಕಿಗಳೇ.

ಎಷ್ಟು ದಿನ ಮೊದಲು ಗೊತ್ತು ಮಾಡಬೇಕು?

ಛತ್ರಕ್ಕೆ ಮುಂಗಡ ಕೊಟ್ಟ ದಿನವೇ. ಛತ್ರವಾದ ಮೇಲೆ ಅಡುಗೆಯವರು, ಆಮೇಲೆ ಓಲಗದವರು, ಎಲ್ಲ ಮುಗಿದ ಮೇಲೆ ಫೋಟೊದವರು ಎಂಬ ಹಳೆಯ ಸರದಿ ಈಗ ನಡೆಯುವುದಿಲ್ಲ. ಕಾರಣ ಪಂಚಾಂಗದಲ್ಲಿದೆ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಗುರು, ಶುಕ್ರರು ಅಸ್ತರಾದಾಗ ಇಲ್ಲ. ಉಳಿದ ದಿನಗಳಲ್ಲಿ ಎಲ್ಲರಿಗೂ ಭಾನುವಾರವೇ ಬೇಕು. ಅಧಿಕ ಮಾಸ ಬಂದ ವರ್ಷ ಇನ್ನೂ ಇಕ್ಕಟ್ಟು. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ ಬೀಳುವುದರಿಂದ ಬೇಸಿಗೆ ರಜೆಯ ಒಳ್ಳೆಯ ಮುಹೂರ್ತಗಳೆಲ್ಲ ಅದರ ಹಿಂದಿನ ಕೆಲವೇ ವಾರಗಳಿಗೆ ನುಗ್ಗುತ್ತವೆ.

ಹೀಗಾಗಿ ಒಂದೇ ತಾರೀಕಿಗೆ ಒಂದೊಂದು ಸ್ಟುಡಿಯೊ ಮೂರು ನಾಲ್ಕು ಮದುವೆ ಒಪ್ಪಿಕೊಂಡಿರುತ್ತದೆ. ಅಲ್ಲಿಗೆ ಮುಂದಿನ ಪ್ರಶ್ನೆಯೂ ಸಿದ್ಧವಾಯಿತು.

ಮಾತಾಡಿದವರೇ ಮದುವೆಗೆ ಬರುತ್ತಾರೆಯೇ?

ಬರುತ್ತಾರೆ ಎಂದು ನೀವು ಅಂದುಕೊಂಡಿರುತ್ತೀರಿ, ಅವರು ಹಾಗೆಂದು ಹೇಳಿರುವುದಿಲ್ಲ. ದಟ್ಟ ಮುಹೂರ್ತದ ದಿನ ಸ್ಟುಡಿಯೊದವರು ದಿನದ ಲೆಕ್ಕದಲ್ಲಿ ಹುಡುಗರನ್ನು ಕರೆಸಿ ಕಳಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆ ಹುಡುಗರಲ್ಲಿ ಕೆಲವರು ಮಾಲೀಕರಿಗಿಂತ ಚೆನ್ನಾಗಿ ತೆಗೆಯುತ್ತಾರೆ, ನನಗೆ ಗೊತ್ತು. ಆದರೆ ನೀವು ನೋಡಿ ಮೆಚ್ಚಿದ ಕೆಲಸ ಯಾರದು, ಬರುವವರು ಯಾರು ಎಂಬುದು ಮೊದಲೇ ತಿಳಿದಿರಬೇಕು. “ನಮ್ಮ ಮದುವೆಗೆ ಯಾರು ಬರುತ್ತಾರೆ? ಅವರು ತೆಗೆದ ಮದುವೆಯನ್ನು ತೋರಿಸಿ” ಎಂದು ಕೇಳಿ, ಹೆಸರನ್ನು ರಶೀದಿಯ ಮೇಲೆ ಬರೆಸಿಕೊಳ್ಳಿ.

ಇನ್‌ಸ್ಟಾಗ್ರಾಮಿನಲ್ಲಿ ಫೋಟೊಗಳು ಬಹಳ ಚೆನ್ನಾಗಿವೆ. ಅಷ್ಟು ನೋಡಿದರೆ ಸಾಲದೇ?

ಸಾಲದು. ಅಲ್ಲಿರುವುದು ಐವತ್ತು ಮದುವೆಗಳಿಂದ ಹೆಕ್ಕಿದ ಐವತ್ತು ಫೋಟೊ. ಮದುಮಗಳು ಸುಂದರಿ, ಬೆಳಕು ಸಂಜೆಯದು, ಹಿಂದೆ ಮಂಜು. ನಮ್ಮ ಗಿರಿಯ ಮಂಜಿನಲ್ಲಿ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದರೂ ಒಂದು ಒಳ್ಳೆಯ ಫೋಟೊ ಬಂದೇ ಬರುತ್ತದೆ.

ಕೇಳಬೇಕಾದದ್ದು ಒಂದೇ: ನಿಮ್ಮದರಂಥದೇ ಛತ್ರದಲ್ಲಿ ಅವರು ಈಚೆಗೆ ತೆಗೆದ ಒಂದು ಮದುವೆಯ ಅಷ್ಟೂ ಫೋಟೊಗಳು. ಚಪ್ಪರದ ದಿನದಿಂದ ಹೆಣ್ಣು ಒಪ್ಪಿಸುವವರೆಗೆ. ಆಲ್ಬಮ್ ತೋರಿಸಿದರೆ ಅದನ್ನು ಪಕ್ಕಕ್ಕಿಡಿ. ಅದು ನನ್ನಂಥವರು ಒಪ್ಪಮಾಡಿ ಕೊಟ್ಟದ್ದು, ಅದರಲ್ಲಿ ಎಷ್ಟು ಮುಚ್ಚಿಹಾಕಿದ್ದೇವೆಂದು ನಮಗೇ ಗೊತ್ತು. ಬೇರೆಯವರ ಮನೆಯ ಫೋಟೊಗಳನ್ನು ನಿಮಗೆ ಕಳಿಸುವಂತಿಲ್ಲ, ಸರಿ. ಆ ಮನೆಯವರನ್ನು ಒಂದು ಮಾತು ಕೇಳಿ, ಸ್ಟುಡಿಯೊದ ಕಂಪ್ಯೂಟರಿನಲ್ಲೇ ಕೂರಿಸಿ ತೋರಿಸಲಿ. ಅರ್ಧ ಗಂಟೆ ಸಾಕು.

ತೋರಿಸಿದರು ಎನ್ನೋಣ. ಅಷ್ಟು ಸಾವಿರ ಫೋಟೊಗಳಲ್ಲಿ ಏನು ನೋಡಬೇಕು?

ನಾನಾದರೆ ಮೊದಲು ಊಟದ ಫೋಟೊಗಳನ್ನು ತೆರೆಯುತ್ತೇನೆ. ಮಂಟಪದ ಮೇಲೆ ಎಲ್ಲರೂ ಮೈಯೆಲ್ಲ ಕಣ್ಣಾಗಿ ಕೆಲಸ ಮಾಡುತ್ತಾರೆ, ಮದುಮಕ್ಕಳ ತಂದೆತಾಯಿ ನೋಡುತ್ತಿರುತ್ತಾರಲ್ಲ. ಊಟದ ಮನೆಯಲ್ಲಿ ಯಾರೂ ನೋಡುತ್ತಿರುವುದಿಲ್ಲ. ಒಬ್ಬ ಛಾಯಾಗ್ರಾಹಕ ಪಂಕ್ತಿಯ ಒಂದು ತುದಿಯಲ್ಲಿ ನಿಂತು ಫ್ಲಾಶ್ ಹೊಡೆದು, ಇಪ್ಪತ್ತು ಮಂದಿ ಬಾಯಿಗೆ ತುತ್ತಿಡುತ್ತಿರುವ ಇಪ್ಪತ್ತು ಫೋಟೊ ತೆಗೆದು ಹೊರಟುಹೋಗಿರುತ್ತಾನೆ. ಇನ್ನೊಬ್ಬನ ಫೋಲ್ಡರಿನಲ್ಲಿ ಬೇಡ ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದ ಬೀಗರು, ಆ ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸುತ್ತಿರುವ ಚಿಕ್ಕಪ್ಪ, ಇಬ್ಬರ ನಗು. ಈ ಎರಡನೆಯವನನ್ನು ನಂಬಬಹುದು.

ಆಮೇಲೆ ಧಾರೆ. ಆ ಹೊತ್ತಿಗೆ ಮಂಟಪ ಹೇಗಿರುತ್ತದೆಂದು ನೆನಪು ಮಾಡಿಕೊಳ್ಳಿ. ಮದುಮಕ್ಕಳ ಕೈಗಳು ಒಂದರ ಮೇಲೊಂದು, ಮೇಲೆ ತೆಂಗಿನಕಾಯಿ, ಅದರ ಮೇಲೆ ತಾಯಿ ಗಿಂಡಿಯಿಂದ ಎರೆಯುವ ಹಾಲು, ನೀರು, ಕೆಳಗೆ ತಟ್ಟೆ. ಸುತ್ತ ಹದಿನೈದು ಮಂದಿ ಬಾಗಿ ನಿಂತಿರುತ್ತಾರೆ, ಪುರೋಹಿತರ ಮೊಣಕೈ ಸರಿಯಾಗಿ ಅಡ್ಡ ಬರುತ್ತದೆ. ಕೆಲಸ ಬಲ್ಲವನು ಹಿಂದಿನ ರಾತ್ರಿಯೇ ಪುರೋಹಿತರ ಬಳಿ ಮಾತಾಡಿಕೊಂಡು, ಹೋಮಕುಂಡದ ಆಚೆ ಬದಿಯಲ್ಲಿ ಮಂಡಿಯೂರಿ ಜಾಗ ಹಿಡಿದಿರುತ್ತಾನೆ. ಅವನ ಫೋಟೊದಲ್ಲಿ ಹಾಲಿನ ಎಳೆ ಕಾಣುತ್ತದೆ, ಎರೆಯುತ್ತಿರುವ ತಾಯಿಯ ಮುಖವೂ ಕಾಣುತ್ತದೆ. ಎರಡೂ ಇದೆಯೇ ನೋಡಿ. ತಟ್ಟೆ, ಕೈ, ಬಳೆ ಮಾತ್ರ ಕಂಡರೆ ಅವನು ಎಲ್ಲರ ಹಿಂದೆ ನಿಂತು ಕ್ಯಾಮೆರಾವನ್ನು ತಲೆಯ ಮೇಲೆತ್ತಿ ತೆಗೆದಿದ್ದಾನೆ ಎಂದರ್ಥ.

ಜೀರಿಗೆ-ಬೆಲ್ಲದ ಫೋಟೊಗಳನ್ನೂ ಹಾಗೆಯೇ ನೋಡಿ. ಅಂತರಪಟ ಸರಿದು ಇಬ್ಬರೂ ಒಬ್ಬರನ್ನೊಬ್ಬರು ಕಾಣುವುದು ಎರಡು ಮೂರು ಸೆಕೆಂಡಿನ ಆಟ. ಒಂದೇ ಕ್ಯಾಮೆರಾ ಇದ್ದರೆ ಯಾರೋ ಒಬ್ಬರ ಬೆನ್ನು ಗ್ಯಾರಂಟಿ. ಎರಡೂ ಮುಖ ಸಿಕ್ಕಿದೆ ಎಂದರೆ ಇಬ್ಬರು ನಿಂತಿದ್ದರು, ಇಬ್ಬರೂ ಎಚ್ಚರವಾಗಿದ್ದರು ಎಂದಾಯಿತು.

ಆರತಕ್ಷತೆಯ ಫೋಟೊಗಳಲ್ಲಿ ಮುಖದ ಬಣ್ಣ ನೋಡಿ. ಈಗ ವೇದಿಕೆಗೆ ನೇರಳೆ, ಗುಲಾಬಿ ದೀಪ ಹಾಕುವ ಖಯಾಲಿ. ಆ ಬೆಳಕಿನಲ್ಲಿ ಮದುಮಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದರೆ ಆಮೇಲೆ ನಾನು ಏನು ತಿದ್ದಿದರೂ ಮನುಷ್ಯರ ಬಣ್ಣ ಬರುವುದಿಲ್ಲ. ಜೊತೆಗೆ ಅಗ್ಗದ ಎಲ್‌ಇಡಿ ದೀಪಗಳ ಕಾಟ. ನಮ್ಮ ಕರೆಂಟು 50 ಹರ್ಟ್ಸ್‌ನದು, ಆ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಶಟರ್ ವೇಗ ಹೆಚ್ಚಿಟ್ಟ ಕ್ಯಾಮೆರಾಕ್ಕೆ ತಿಳಿಯುತ್ತದೆ. ಫೋಟೊದ ಮೇಲೆ ಕಪ್ಪು ಕಪ್ಪು ಪಟ್ಟಿ ಬೀಳುತ್ತವೆ. ಶಟರಿನ ವೇಗವನ್ನು 1/50 ಸೆಕೆಂಡಿಗೋ 1/100 ಸೆಕೆಂಡಿಗೋ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಫೋಲ್ಡರಿನ ಉದ್ದಕ್ಕೂ ಪಟ್ಟಿ ಇದ್ದರೆ, ರಾತ್ರಿಯಿಡೀ ಆತ ಕ್ಯಾಮೆರಾದ ಪರದೆಯನ್ನು ಒಮ್ಮೆಯೂ ಹತ್ತಿರದಿಂದ ನೋಡಿಲ್ಲ.

ಕೊನೆಯದು ಮುದುಕರು. ಬೇಲೂರಿನ ಕಡೆಯ ಒಂದು ಮನೆಯವರು ಆಲ್ಬಮ್ ಒಪ್ಪಿಗೆಗೆ ಬಂದವರು ಎರಡು ಸಲ ತಿರುವಿ ಹಾಕಿ, “ನಮ್ಮ ಅಜ್ಜಿ ಎಲ್ಲಿ ಸ್ವಾಮಿ?” ಎಂದರು. ನಾಲ್ಕು ಸಾವಿರಕ್ಕೂ ಮೀರಿದ ಫೋಟೊಗಳಲ್ಲಿ ಹುಡುಕಿದೆ. ಅಜ್ಜಿಗೆ ಮಂಟಪ ಹತ್ತಲು ಆಗುತ್ತಿರಲಿಲ್ಲ. ಮೊದಲ ಸಾಲಿನ ಕುರ್ಚಿಯಲ್ಲಿ ಬೆಳಗಿನಿಂದ ಅಕ್ಷತೆ ಹಿಡಿದು ಕುಳಿತಿದ್ದರಂತೆ. ಮಂಟಪದ ಮೇಲಿದ್ದ ಮೂವರು ಫೋಟೊದವರೂ ಆ ಕಡೆ ತಿರುಗಿರಲಿಲ್ಲ. ಕೊನೆಗೆ ವಿಡಿಯೊದ ಒಂದು ಮೂಲೆಯಲ್ಲಿ, ಯಾರದೋ ಹೆಗಲ ಹಿಂದೆ ಅರ್ಧ ಮುಖ ಸಿಕ್ಕಿತು. ಅದನ್ನೇ ಹಿಗ್ಗಿಸಿ ಒಂದು ಪುಟ ಮಾಡಿಕೊಟ್ಟೆ, ಮಸುಕಾಗಿಯೇ ಇದೆ. ಅಂದಿನಿಂದ ಯಾವ ಫೋಲ್ಡರ್ ಬಂದರೂ ನಾನು ಮೊದಲ ಸಾಲಿನ ಕುರ್ಚಿಗಳನ್ನು ಹುಡುಕುತ್ತೇನೆ. ನೀವೂ ಹುಡುಕಿ.

ಕ್ಯಾಂಡಿಡ್ ಬೇಕೋ, ಸಾಂಪ್ರದಾಯಿಕ ಬೇಕೋ?

ಸಾಂಪ್ರದಾಯಿಕ ಎಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕ್ಯಾಮೆರಾ ನೋಡಿಸಿ ತೆಗೆಯುವುದು. ಕ್ಯಾಂಡಿಡ್ ಎಂದರೆ ನಡೆಯುತ್ತಿರುವುದನ್ನು ನಡೆಯುತ್ತಿರುವಂತೆ ತೆಗೆಯುವುದು. ಮದುಮಕ್ಕಳಿಗೆ ಎರಡನೆಯದು ಬೇಕು, ಅವರ ದೊಡ್ಡಪ್ಪನವರಿಗೆ ಮೊದಲನೆಯದು. ಇಬ್ಬರದೂ ನ್ಯಾಯವೇ. ವೇದಿಕೆಗೆ ಬಂದು ಮುಯ್ಯಿ ಕೊಟ್ಟು ನಿಂತವರ ಫೋಟೊ ಇಲ್ಲದೆ ಹೋದರೆ ಬೀಗರ ಊಟದವರೆಗೂ ಆ ಮಾತು ಬೆಳೆಯುತ್ತದೆ. ಕೈಲಾದರೆ ಎರಡಕ್ಕೂ ಒಬ್ಬೊಬ್ಬರನ್ನು ಇಡಿ. ಒಬ್ಬರೇ ಎಂದಾದರೆ ಸಾಂಪ್ರದಾಯಿಕದಲ್ಲಿ ಕೈ ಪಳಗಿದವರನ್ನೇ ಆರಿಸಿ.

ಯಾವ ಕ್ಯಾಮೆರಾ ಇರಬೇಕು?

ಬ್ರಾಂಡ್ ಕೇಳಬೇಡಿ. “ನಿಮ್ಮ ಕ್ಯಾಮೆರಾದಲ್ಲಿ ಎರಡು ಕಾರ್ಡ್ ಕೂರುತ್ತವೆಯೇ? ಎರಡಕ್ಕೂ ಒಟ್ಟಿಗೇ ಬರೆಯುತ್ತದೆಯೇ?” ಎಂದು ಕೇಳಿ. ನನ್ನ ಅಕ್ಕನ ಮಗಳ ಮದುವೆಯಲ್ಲಿ ಬಂದವರ ಬಳಿ ಒಂದೇ ಕಾರ್ಡಿನ ಕ್ಯಾಮೆರಾ ಇತ್ತು. ಮಾಂಗಲ್ಯಧಾರಣೆಯಿಂದ ಸಪ್ತಪದಿಯವರೆಗಿನದು ಆ ಕಾರ್ಡಿನಲ್ಲೇ ಕೆಟ್ಟುಹೋಯಿತು. ಫೈಲ್ ಹೊರತೆಗೆಯುವವರಿಗೆ ಹಣ ಸುರಿದು ಸಿಕ್ಕಿದ್ದು ಹನ್ನೊಂದು ಫೋಟೊ. ಈ ಕೆಲಸದಲ್ಲೇ ಇರುವ ನಾನು ಅದನ್ನು ಕೇಳಲು ಮರೆತಿದ್ದೆ, ಅಕ್ಕ ಇಂದಿಗೂ ಅದನ್ನು ಎತ್ತಿ ಆಡುತ್ತಾಳೆ.

ಮದುವೆಯ ರಾತ್ರಿಯೇ ಫೈಲ್‌ಗಳನ್ನು ಎಲ್ಲಿ ಇಳಿಸುತ್ತಾರೆ, ಎಷ್ಟು ಪ್ರತಿ ಇಡುತ್ತಾರೆ ಎಂಬುದನ್ನೂ ಕೇಳಿ. ಎರಡು ಬೇರೆ ಬೇರೆ ಡಿಸ್ಕು, ಅವೆರಡೂ ಒಂದೇ ಚೀಲದಲ್ಲಿ ಇರಬಾರದು. ಸೆಕೆಂಡಿಗೆ 100 ಮೆಗಾಬಿಟ್ಟಿನ 4ಕೆ ವಿಡಿಯೊ ಗಂಟೆಗೆ ಸುಮಾರು 45 ಜಿಬಿ ತಿನ್ನುತ್ತದೆ. ಹಾಗಾಗಿ ಜಾಗ ಸಾಲದೆಂದು ಹಳೆಯ ಮದುವೆಯನ್ನು ಅಳಿಸಿ ಹೊಸದನ್ನು ತುಂಬುವುದು ಸ್ಟುಡಿಯೊಗಳಲ್ಲಿ ದಿನನಿತ್ಯದ ಸಂಗತಿ. ನಿಮ್ಮ ಪ್ರತಿಯನ್ನು ನಿಮ್ಮದೇ ಡಿಸ್ಕಿಗೆ ಬೇಗ ತುಂಬಿಸಿಕೊಳ್ಳಿ.

ಬೆಂಗಳೂರಿನವರನ್ನು ಕರೆಸಿದರೆ ಚೆನ್ನಾಗಿರುತ್ತದೆಯೇ?

ಕೈಚಳಕದ ಮಟ್ಟಿಗೆ ಈಗ ಅಂಥ ಅಂತರ ಉಳಿದಿಲ್ಲ. ವ್ಯತ್ಯಾಸ ಇರುವುದು ಶಾಸ್ತ್ರದ ತಿಳಿವಳಿಕೆಯಲ್ಲಿ. ಚನ್ನರಾಯಪಟ್ಟಣದ ಒಕ್ಕಲಿಗರ ಮನೆಯ ಮದುವೆಯ ಕ್ರಮ ಬೇರೆ, ತರೀಕೆರೆಯ ಲಿಂಗಾಯತರದು ಬೇರೆ, ಶೃಂಗೇರಿ ಕಡೆಯ ಬ್ರಾಹ್ಮಣರದು ಬೇರೆ. ಬಾಸಿಂಗ ಕಟ್ಟುವುದು ಯಾವಾಗ, ಕಾಶಿಯಾತ್ರೆಗೆ ಮದುಮಗ ಯಾವ ಬಾಗಿಲಿನಿಂದ ಹೊರಡುತ್ತಾನೆ, ಸೋದರಮಾವ ಮದುಮಗಳನ್ನು ಕರೆತರುವುದು ಯಾವ ಹೊತ್ತಿಗೆ, ಇವು ಗೊತ್ತಿದ್ದವನು ಅರ್ಧ ನಿಮಿಷ ಮುಂಚೆಯೇ ಅಲ್ಲಿ ನಿಂತಿರುತ್ತಾನೆ.

ಹೊರಗಿನವರನ್ನೇ ಕರೆಸುವುದಾದರೆ ಹಿರಿಯರೊಬ್ಬರನ್ನು ಕೂರಿಸಿ ಶಾಸ್ತ್ರಗಳ ಪಟ್ಟಿಯನ್ನು ಹೊತ್ತಿನ ಸಮೇತ ಬರೆಸಿ ಕೊಡಿ. ಮದುವೆಯ ದಿನ ಮನೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಅವರ ಜೊತೆ ಬಿಡಿ, “ಇವರು ಸೋದರತ್ತೆ, ಇವರು ಹಿರಿಯ ಭಾವ” ಎಂದು ಕೈ ತೋರಿಸುವುದಕ್ಕೆ. ಊರಿನ ಫೋಟೊದವರಾದರೂ ಈ ಏರ್ಪಾಡು ಒಳ್ಳೆಯದೇ.

ಇಬ್ಬರು ಬೇರೆ ಬೇರೆ ದರ ಹೇಳಿದ್ದಾರೆ. ಹೋಲಿಸುವುದು ಹೇಗೆ?

ಒಟ್ಟು ಮೊತ್ತವನ್ನು ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಹಾಳೆ, ಈ ಮೂರನ್ನು ಬಿಡಿಸಿ ಕೇಳಿ. ಚಪ್ಪರದ ದಿನ, ವರಪೂಜೆ, ಮುಹೂರ್ತ, ಆರತಕ್ಷತೆ, ಬೀಗರ ಊಟ, ಇವುಗಳಲ್ಲಿ ಯಾವುದಕ್ಕೆ ಎಷ್ಟು ಮಂದಿ ಬರುತ್ತಾರೆ? ರಾತ್ರಿ ಹತ್ತರ ಮೇಲೆ ನಿಂತರೆ ಹೆಚ್ಚುವರಿ ಎಷ್ಟು?

ಹಾಳೆಯ ಲೆಕ್ಕದಲ್ಲಿ ಮೋಸಹೋಗುವವರು ಬಹಳ. ಈಗಿನ ಕರಿಜ್ಮಾ ಆಲ್ಬಮ್ 12x36 ಎಂದರೆ ಬಿಚ್ಚಿಟ್ಟಾಗ ಅಷ್ಟು ಇಂಚು, ಒಂದು ಪುಟ 12x18. ಮೂವತ್ತು ಹಾಳೆ ಎಂದರೆ ಅರುವತ್ತು ಪುಟ. ಒಬ್ಬರು ಹಾಳೆಯಲ್ಲಿ ಹೇಳಿ ಇನ್ನೊಬ್ಬರು ಪುಟದಲ್ಲಿ ಹೇಳಿದರೆ ಅಗ್ಗವಾಗಿ ಕಂಡದ್ದೇ ದುಬಾರಿ. ತೀರ್ಮಾನಿಸಿದ್ದಕ್ಕಿಂತ ಹೆಚ್ಚು ಹಾಳೆ ಹಿಡಿದರೆ ಹಾಳೆಗೆ ಎಷ್ಟು ಎಂದು ಈಗಲೇ ಕೇಳಿ. ಹೆಚ್ಚು ಹಿಡಿದೇ ಹಿಡಿಯುತ್ತದೆ, ಫೋಟೊ ಆರಿಸಲು ಕುಳಿತಾಗ ಯಾರಿಗೂ ಯಾರನ್ನೂ ಬಿಡಲು ಮನಸ್ಸು ಬರುವುದಿಲ್ಲ.

ಸ್ಟುಡಿಯೊ ಜಿಎಸ್‌ಟಿಯಲ್ಲಿ ನೋಂದಾಯಿಸಿದ್ದರೆ ಹೇಳಿದ ದರ ತೆರಿಗೆ ಸೇರಿಸಿಯೋ ಬಿಟ್ಟೋ ಎಂಬುದನ್ನೂ ಕೇಳಿ, ಈ ಕೆಲಸಕ್ಕೆ ಅದು ಶೇಕಡಾ 18.

ಪ್ರಿ-ವೆಡ್ಡಿಂಗ್ ಎಲ್ಲಿ ಮಾಡಿಸಬಹುದು?

ನಮ್ಮ ಎರಡು ಜಿಲ್ಲೆಗಳಲ್ಲಿ ಜಾಗಕ್ಕೆ ಬರವಿಲ್ಲ, ಬೆಂಗಳೂರಿನ ಜೋಡಿಗಳೂ ಇಲ್ಲಿಗೇ ಬರುತ್ತವೆ. ಆದರೆ ಪ್ರತಿಯೊಂದು ಜಾಗಕ್ಕೂ ಅದರದೇ ಕಾಲ, ಅದರದೇ ಕಟ್ಟುಪಾಡು ಇದೆ.

ಶೆಟ್ಟಿಹಳ್ಳಿಯ ಹಳೆಯ ಚರ್ಚು ಎಲ್ಲರ ಮೊದಲ ಆಸೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದು, ಗೊರೂರಿನ ಹೇಮಾವತಿ ಜಲಾಶಯ ಬಂದ ಮೇಲೆ ಊರು ಖಾಲಿಯಾಗಿ ಹಿನ್ನೀರಿನ ನಡುವೆ ಉಳಿದದ್ದು. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ನಿಮಗೆ ಯಾವ ಚಿತ್ರ ಬೇಕು ಎಂಬುದರ ಮೇಲೆ ತಿಂಗಳು ಆರಿಸಿ. ವರ್ಷ ವರ್ಷವೂ ನೀರಿನಲ್ಲಿ ನೆನೆದ ಗೋಡೆಗಳು, ಅವುಗಳ ಮೇಲೆ ಹತ್ತಿಸುವ ಛಾಯಾಗ್ರಾಹಕನ ಮಾತು ಕೇಳಬೇಡಿ.

ಬೇಲೂರು, ಹಳೇಬೀಡುಗಳು 2023ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಅದಕ್ಕೂ ಮೊದಲಿನಿಂದಲೇ ಪುರಾತತ್ತ್ವ ಸರ್ವೇಕ್ಷಣೆಯ ವಶದಲ್ಲಿವೆ. ಮೊಬೈಲಿನಲ್ಲಿ ನಿಮ್ಮ ಫೋಟೊ ನೀವು ತೆಗೆದುಕೊಳ್ಳುವುದು ಬೇರೆ. ಟ್ರೈಪಾಡ್, ದೀಪ, ಪ್ರತಿಫಲಕ ಇಟ್ಟುಕೊಂಡು ಚಿತ್ರೀಕರಿಸಲು ಅನುಮತಿ ಬೇಕು. “ನಾವು ನೋಡಿಕೊಳ್ಳುತ್ತೇವೆ” ಎಂದು ಹೇಳುವವರಿಂದ ಅನುಮತಿಯ ಪತ್ರವನ್ನೇ ಕೇಳಿ. ಪೂಜೆ ನಡೆಯುತ್ತಿರುವ ಚೆನ್ನಕೇಶವನ ಮುಂದೆ ಮದುಮಗಳನ್ನು ಎತ್ತಿ ತಿರುಗಿಸುವ ಫೋಟೊಗಳನ್ನು ಆಲ್ಬಮ್ಮಿಗೆ ಹಾಕುವಾಗ ನನಗಂತೂ ಮುಜುಗರ.

ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ, 1,930 ಮೀಟರ್. ಗಿರಿಗೆ ಹೋಗುವ ವಾಹನಗಳು ಈಗ ಮೊದಲೇ ಆನ್‌ಲೈನಿನಲ್ಲಿ ನೋಂದಾಯಿಸಬೇಕು. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ, ಆ ತಾರೀಕು ನೋಡದೆ ಬಟ್ಟೆ ಬಾಡಿಗೆಗೆ ತಂದವರನ್ನು ಕಂಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಎಷ್ಟಿರುತ್ತದೆಂದರೆ ಸೀರೆಯ ಸೆರಗು ಮುಖದ ಮೇಲೆಯೇ ಇರುತ್ತದೆ.

ಕಾಫಿ ಹೂವಿನ ನಡುವೆ ಬೇಕು ಎನ್ನುವವರಿಗೆ ಒಂದು ಮಾತು. ಹೂವು ಕ್ಯಾಲೆಂಡರ್ ನೋಡಿ ಅರಳುವುದಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಹೂಮಳೆ ಬಿದ್ದು, ಅಥವಾ ತೋಟದವರು ತುಂತುರು ನೀರು ಹಾಯಿಸಿ, ವಾರ ಹತ್ತು ದಿನಕ್ಕೆ ತೋಟವೆಲ್ಲ ಮಲ್ಲಿಗೆ ಸುರಿದಂತಾಗುತ್ತದೆ. ಎರಡು ಮೂರು ದಿನ, ಅಷ್ಟೇ. ಛಾಯಾಗ್ರಾಹಕರ ಜೊತೆ ತಾರೀಕು ಗೊತ್ತು ಮಾಡದೆ, “ಹೂವು ಬಂದಾಗ ಕರೆಯುತ್ತೇವೆ, ಎರಡು ದಿನದೊಳಗೆ ಬರಬೇಕು” ಎಂದು ಮಾತಾಡಿಕೊಳ್ಳಿ. ತೋಟದ ಮಾಲೀಕರನ್ನು ಕೇಳದೆ ಬೇಲಿ ದಾಟಬೇಡಿ. ಗಿಡ ಅಲ್ಲಾಡಿಸಿ ಹೂವು ಉದುರಿಸುವ ವಿಡಿಯೊ ಮಾಡಿದಿರೋ, ಮುಂದಿನ ಜೋಡಿಗೆ ಆ ತೋಟದ ಗೇಟು ತೆರೆಯುವುದಿಲ್ಲ.

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಕಾಡಾನೆ ಇರುತ್ತವೆ. ನಸುಕಿನ ಮಂಜು ಚೆಂದವೆಂದು ಐದೂವರೆಗೇ ಒಳಗೆ ಹೋಗುವ ಸಾಹಸ ಬೇಡ, ಮಂಜಿನಲ್ಲಿ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಅಂದು ಆನೆ ಎಲ್ಲಿದೆಯೆಂದು ತೋಟದ ಮೇಸ್ತ್ರಿಯನ್ನು ಕೇಳಿಯೇ ಹೆಜ್ಜೆ ಇಡಿ.

ಸಕಲೇಶಪುರದ ಘಟ್ಟದ ರೈಲು ಹಳಿಯ ಮೇಲೆ ಕೈಕೈ ಹಿಡಿದು ನಡೆಯುವ ಫೋಟೊ ಇನ್ನೂ ಬರುತ್ತಲೇ ಇದೆ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಹಳಿಯ ಮೇಲೆ ಅತಿಕ್ರಮವಾಗಿ ಹೋಗುವುದಕ್ಕೆ ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪ್ರಿ-ವೆಡ್ಡಿಂಗ್ ಬೇಕೇ ಬೇಕೇ?

ಬೇಡ. ಆದರೆ ಒಂದು ಲಾಭವಿದೆ. ಆ ಅರ್ಧ ದಿನದಲ್ಲಿ ಛಾಯಾಗ್ರಾಹಕನ ಗುಣ ಗೊತ್ತಾಗುತ್ತದೆ. ಮಳೆ ಬಂದರೆ ಸಿಡುಕುತ್ತಾನೋ, ಮದುಮಗಳ ಭುಜ ಹಿಡಿದು ತಿರುಗಿಸುವ ಬದಲು ಬಾಯಲ್ಲಿ ಹೇಳುತ್ತಾನೋ, ಎಲ್ಲ ತಿಳಿಯುತ್ತದೆ.

ಡ್ರೋನ್?

ಛತ್ರದ ಒಳಗೆ ನಡೆಯುವ ಮದುವೆಗೆ ಡ್ರೋನ್ ಏಕೆಂದು ನನಗೆ ಅರ್ಥವಾಗಿಲ್ಲ. ತೋಟದ ಮನೆಯ ಮದುವೆಯಾದರೆ ಸರಿ, ಹೆಂಚಿನ ಮಾಡು, ಅಂಗಳದ ಚಪ್ಪರ, ಸುತ್ತ ಅಡಿಕೆ, ಮೇಲಿಂದ ನೋಡಲು ಚೆಂದ. 2021ರ ಡ್ರೋನ್ ನಿಯಮಗಳ ಪ್ರಕಾರ ಡ್ರೋನಿಗೆ ನೋಂದಣಿ ಸಂಖ್ಯೆ ಇರಬೇಕು. 250 ಗ್ರಾಂ ಮೀರಿದ್ದನ್ನು ಹಣಕ್ಕಾಗಿ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರವೂ ಬೇಕು. ಕಾಡಿನ ಅಂಚು, ಸಂರಕ್ಷಿತ ಸ್ಮಾರಕಗಳ ಬಳಿ ಅನುಮತಿಯಿಲ್ಲದೆ ಎತ್ತುವಂತಿಲ್ಲ. ಹೆಜ್ಜೇನು ಕಟ್ಟಿದ ಮರ ಹತ್ತಿರವಿದ್ದರೆ ಅನುಮತಿ ಇದ್ದರೂ ಬೇಡ. ಧಾರೆಯ ಹೊತ್ತಿಗೆ ಹಾರಿಸಕೂಡದು ಎಂದು ಮೊದಲೇ ಹೇಳಿ, ಓಲಗವೇ ಕೇಳುವುದಿಲ್ಲ.

ಎರಡು ಕಡೆಯವರೂ ಬೇರೆ ಬೇರೆ ಫೋಟೊದವರನ್ನು ಕರೆಸಿದರೆ?

ಮಂಟಪದ ಮೇಲೆ ಆರು ಕ್ಯಾಮೆರಾ, ನಾಲ್ಕು ದೀಪದ ಕಂಬ. ಕೆಳಗೆ ಕುಳಿತವರಿಗೆ ಬೆನ್ನುಗಳ ದರ್ಶನ. ಒಬ್ಬರ ಫ್ಲಾಶು ಇನ್ನೊಬ್ಬರ ಫೋಟೊದಲ್ಲಿ ಬಿಳಿ ಮಚ್ಚೆಯಾಗಿ ಕೂರುತ್ತದೆ. ನಿಶ್ಚಿತಾರ್ಥದ ದಿನವೇ ಎರಡೂ ಮನೆಯ ಹಿರಿಯರು ಕುಳಿತು ಒಂದೇ ತಂಡ ಎಂದು ತೀರ್ಮಾನಿಸಿ, ಖರ್ಚು ಹಂಚಿಕೊಂಡು, ಎರಡು ಆಲ್ಬಮ್ ಮಾಡಿಸಿದರೆ ಹಣವೂ ಉಳಿಯುತ್ತದೆ, ಫೋಟೊವೂ ಚೆನ್ನಾಗಿರುತ್ತದೆ. ಬೀಗರು ಒಪ್ಪದಿದ್ದರೆ, ಇಬ್ಬರು ಛಾಯಾಗ್ರಾಹಕರನ್ನೂ ಮೊದಲೇ ಫೋನಿನಲ್ಲಿ ಮಾತಾಡಿಸಿ. ಅವರವರಿಗೆ ಸಾಮಾನ್ಯವಾಗಿ ಪರಿಚಯ ಇದ್ದೇ ಇರುತ್ತದೆ, ಜಾಗ ಹಂಚಿಕೊಳ್ಳುತ್ತಾರೆ. ಜಗಳವೆಲ್ಲ ಬೀಗರದು.

ನಮ್ಮ ಚಿಕ್ಕಮ್ಮನ ಮಗ ಒಳ್ಳೆಯ ಕ್ಯಾಮೆರಾ ಕೊಂಡಿದ್ದಾನೆ, ತಾನೇ ತೆಗೆಯುತ್ತೇನೆ ಎನ್ನುತ್ತಾನೆ.

ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರಕ್ಕೆ ಕೊಡಿ, ಮನೆಯವನಾದ್ದರಿಂದ ಎಲ್ಲರೂ ಬಿಗಿಯದೆ ನಗುತ್ತಾರೆ. ಮುಹೂರ್ತಕ್ಕೆ ಬೇಡ. ಧಾರೆಯ ಹೊತ್ತಿಗೆ ಅವನನ್ನೇ ಯಾರೋ ಹಾಲು ಎರೆಯಲು ಕರೆಯುತ್ತಾರೆ.

ನೆಂಟರು ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಆಲ್ಬಮ್ಮಿಗೆ ಸೇರಿಸಬಹುದೇ?

ಸೇರಿಸಬಹುದು, ವಾಟ್ಸ್‌ಆ್ಯಪಿನಲ್ಲಿ ಸುಮ್ಮನೆ ಕಳಿಸಿದ್ದನ್ನಲ್ಲ. ಮಾಮೂಲಿಯಾಗಿ ಕಳಿಸಿದರೆ ಅದು ಫೋಟೊವನ್ನು ಕುಗ್ಗಿಸುತ್ತದೆ. ಉದ್ದದ ಬದಿ 1600 ಪಿಕ್ಸೆಲ್ಲಿಗೆ ಇಳಿದರೆ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, ಚೆನ್ನಾಗಿ ಅಚ್ಚಾಗುವುದು ಐದು ಇಂಚು ಮಾತ್ರ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಬರಹದಲ್ಲಿ ಏನೇನು ಇರಬೇಕು?

ಒಂದು ಪುಟ ಸಾಕು. ದಿನಗಳು, ಹೊತ್ತು, ಬರುವವರ ಹೆಸರು, ಅವರಿಗೆ ಜ್ವರ ಬಂದರೆ ಬದಲಿ ಯಾರು, ಆಲ್ಬಮ್ಮಿನ ಅಳತೆ ಮತ್ತು ಹಾಳೆ, ಎಡಿಟ್ ಮಾಡದ ಮೂಲ ಫೋಟೊಗಳನ್ನೂ ಕೊಡುತ್ತಾರೋ ಇಲ್ಲವೋ, ಎಷ್ಟು ದಿನಕ್ಕೆ ಏನು ಕೈಗೆ ಸಿಗುತ್ತದೆ, ಮದುವೆ ಮುಂದೆ ಹೋದರೆ ಮುಂಗಡದ ಗತಿ ಏನು. ಹಣವನ್ನು ಮೂರು ಕಂತು ಮಾಡಿ, ಕೊನೆಯದನ್ನು ಆಲ್ಬಮ್ ಕೈಗೆ ಬಂದ ದಿನ ಕೊಡಿ. ಎಲ್ಲವನ್ನೂ ಮದುವೆಯ ರಾತ್ರಿಯೇ ಕೊಟ್ಟು ಕೈ ತೊಳೆದುಕೊಂಡವರ ಆಲ್ಬಮ್‌ಗಳು ನನ್ನ ಸರದಿಯಲ್ಲಿ ಯಾವಾಗಲೂ ಕೊನೆಗೇ ಬರುತ್ತವೆ, ಸ್ಟುಡಿಯೊದವರು ಅವಸರ ಮಾಡುವುದಿಲ್ಲ ನೋಡಿ.

ಫೋಟೊಗಳ ಹಕ್ಕು ಯಾರದು? ನಮ್ಮನ್ನು ಕೇಳದೆ ಜಾಹೀರಾತಿಗೆ ಹಾಕಿಕೊಳ್ಳಬಹುದೇ?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕುದಾರ ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಕೊನೆಯ ಮೂರು ಪದಗಳಲ್ಲೇ ವಿಷಯವಿದೆ. ಸ್ಟುಡಿಯೊದ ಅಚ್ಚು ಹಾಕಿಸಿದ ರಶೀದಿಯ ಹಿಂಬದಿಯ ಸಣ್ಣಕ್ಷರಗಳನ್ನು ಓದಿ ಸಹಿ ಮಾಡಿ. ಹಾಕಿಕೊಳ್ಳುವುದು ನಿಮಗೆ ಇಷ್ಟವಿಲ್ಲದಿದ್ದರೆ ಅದನ್ನು ಬರೆಯಿಸಿ. ಇಷ್ಟವಿದ್ದರೂ ಮಕ್ಕಳ ಫೋಟೊ ಬೇಡ ಎಂದು ಬರೆಯಿಸಿ.

ಆಲ್ಬಮ್ ಕೊಡಲು ಅಷ್ಟು ತಿಂಗಳು ಏಕೆ?

ಅರ್ಧ ತಪ್ಪು ನಮ್ಮದು, ಒಪ್ಪುತ್ತೇನೆ. ಇನ್ನರ್ಧ ನಿಮ್ಮದು. ನಾಲ್ಕು ಸಾವಿರದಲ್ಲಿ ಇನ್ನೂರು ಆರಿಸಿ ಕೊಡಿ ಎಂದರೆ ಮದುಮಕ್ಕಳು ಒಂದು ಪಟ್ಟಿ ಮಾಡುತ್ತಾರೆ, ಅತ್ತೆಯವರು ಇನ್ನೊಂದು, ದೊಡ್ಡಮ್ಮ ಮೂರನೆಯದು. ಅಷ್ಟರಲ್ಲಿ ಸೀಮಂತದ ಫೋಟೊ ಬಂದಿರುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಎರಡನ್ನೂ ಒಂದೇ ವಾರ ಮಾಡಿಕೊಟ್ಟಿದ್ದೇನೆ. ಆರಿಸುವ ಕೆಲಸವನ್ನು ಒಬ್ಬರಿಗೆ ವಹಿಸಿ.

ಆಲ್ಬಮ್ಮಿಗೆ ಮೊದಲೇ ಹತ್ತು ಪ್ರಿಂಟು ಮಾತ್ರ ತೆಗೆಸಿಕೊಂಡಿರಿ. ಉಪನೋಂದಣಿ ಕಚೇರಿಯಲ್ಲಿ ವಿವಾಹ ನೋಂದಣಿಗೆ ಲಗ್ನಪತ್ರಿಕೆಯ ಜೊತೆ ಮದುವೆಯ ಫೋಟೊವನ್ನೂ ಕೇಳುತ್ತಾರೆ.

ಹಣ ತೆಗೆದುಕೊಂಡು ಕೊಡದೇ ಹೋದರೆ?

ಮೊದಲು ಬರಹದಲ್ಲಿ ಒಂದು ನೋಟಿಸು ಕೊಡಿ, ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ. ಆಮೇಲೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಫೋಟೊದವರಿಗೆ ಊಟ?

ಎರಡನೆಯ ಪಂಕ್ತಿಯಲ್ಲಿ ಕೂರಿಸಿ. ಕೊನೆಯ ಪಂಕ್ತಿಗೆ ಬಿಟ್ಟರೆ ಹೆಣ್ಣು ಒಪ್ಪಿಸುವ ಹೊತ್ತಿಗೆ ಅವರು ಊಟದ ಮನೆಯಲ್ಲಿರುತ್ತಾರೆ.

ಮಲೆನಾಡಿನ ಮನೆಯಲ್ಲಿ ಆಲ್ಬಮ್ ಬೂಷ್ಟು ಹಿಡಿಯುತ್ತದೆ. ಏನು ಮಾಡುವುದು?

ಕೊಪ್ಪ, ಕಳಸ, ಮೂಡಿಗೆರೆಯ ಕಡೆಯವರು ತಪ್ಪದೆ ಕೇಳುವ ಪ್ರಶ್ನೆ. ಗೋದ್ರೇಜ್ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಆಲ್ಬಮ್ ಒತ್ತಿಟ್ಟರೆ ಮೂರು ಮಳೆಗಾಲಕ್ಕೆ ಹಾಳೆ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಇನ್ನೂ ಕೇಡು, ಒಳಗಿನ ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ನಿಲ್ಲಿಸಿಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲ ಮುಗಿದ ಮೇಲೆ ಒಂದು ಒಣ ದಿನ ನೆರಳಿನಲ್ಲಿ ಹಾಳೆ ಹಾಳೆ ಬಿಚ್ಚಿ ಗಾಳಿಗೆ ಇಡಿ, ಬಿಸಿಲಿಗೆ ಬೇಡ.

ಅಪ್ಪ, ಅಮ್ಮನ ಮದುವೆಯ ಕಪ್ಪು-ಬಿಳುಪು ಫೋಟೊ ಗಾಜಿಗೆ ಅಂಟಿಕೊಂಡಿದೆ. ಬಿಡಿಸಬಹುದೇ?

ಎಳೆಯಬೇಡಿ, ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಚೌಕಟ್ಟಿನ ಹಿಂಬದಿಯ ರಟ್ಟು ಮಾತ್ರ ಬಿಚ್ಚಿ, ಗಾಜಿನ ಸಮೇತ ತನ್ನಿ. ಗಾಜನ್ನು ಒರೆಸಿ ಹಾಗೆಯೇ ಸ್ಕ್ಯಾನ್ ಮಾಡುತ್ತೇವೆ, ಬಿಡಿಸುವ ವಿಚಾರ ಆಮೇಲೆ. ಹೊಸ ಆಲ್ಬಮ್ಮಿನ ಮೊದಲ ಪುಟಕ್ಕೆ ಅದನ್ನು ಹಾಕಿಸುವವರು ಈಚೆಗೆ ಹೆಚ್ಚಾಗಿದ್ದಾರೆ, ಹಾಗಾಗಿ ಮದುವೆಗೆ ಮೊದಲೇ ತಂದುಕೊಡಿ.